56 ಕೆಜಿ ಹುಡುಗ ಒಂದೇ ಒದೆತಕ್ಕೆ ದೊಡ್ಡ ಆಳನ್ನ ಮಲಗಿಸೋದು ನಿಜಕ್ಕೂ ಸಾಧ್ಯನಾ?

ಪ್ರಶ್ನೆ: "ಟೋಕಿಯೋ ರಿವೆಂಜರ್ಸ್ ಅನ್ನೋ ಮಾಂಗಾ (ಜಪಾನೀ ಕಾಮಿಕ್ಸ್) ಈಗಷ್ಟೇ ಮುಗಿಸಿದೆ. ಅದರಲ್ಲಿ ಗ್ಯಾಂಗ್ ಲೀಡರ್ ಮೈಕಿ ನೋಡೋಕೆ ಕುಳ್ಳ, ಸಣಕಲ, ಆದ್ರೂ ಒಂದೇ ಕಿಕ್‌ಗೆ ಎಂಥವನೂ ಬಿದ್ದೋಗ್ತಾನೆ. ಇಂಥ ಪುಂಡ ಹುಡುಗರ ಹೊಡೆದಾಟದ ಮಾಂಗಾಗಳಲ್ಲಿ ತೋರ್ಸೋದ್ರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ?"

ಮೊದಲು ನೇರ ಉತ್ತರ ಹೇಳ್ಬಿಡ್ತೀನಿ. ಒಂದು ಕಿಕ್‌ಗೆ ಒಬ್ಬ ಬೀಳೋದು ಸಾಧ್ಯ, ಪ್ರತಿ ಸಲ ಬೀಳೋದು ಸಾಧ್ಯ ಇಲ್ಲ, ಐವತ್ತು ಜನರ ಮಧ್ಯೆ ನಿಂತು ಒಬ್ಬೊಬ್ಬರನ್ನೇ ಬೀಳಿಸ್ತಾ ಹೋಗೋದಂತೂ ಆಗೋ ಮಾತೇ ಅಲ್ಲ. ಆದ್ರೂ ಈ ಕಥೆಗಳಲ್ಲಿ ನಿಜ ಇದೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಅದು ಒದೆತದಲ್ಲಿ ಇಲ್ಲ ಅಷ್ಟೇ, ಬೇರೆ ಕಡೆ ಇದೆ, ಅಲ್ಲಿಗೆ ಬರ್ತೀನಿ.

ಮೈಕಿ ಎತ್ತರ 162 ಸೆಂ.ಮೀ., ತೂಕ 56 ಕೆಜಿ. ಹೆಚ್ಚುಕಮ್ಮಿ ಇದೇ ಅಳತೆಯ ಒಬ್ಬ ನಿಜವಾದ ಮನುಷ್ಯ ಜಪಾನಲ್ಲೇ ಇದಾನೆ, ಬಾಕ್ಸರ್ ನವೋಯಾ ಇನೋಯೆ, ಎತ್ತರ 165, ಆಡೋದು ಸೂಪರ್ ಬ್ಯಾಂಟಮ್‌ವೇಟ್‌ನಲ್ಲಿ, ಅಂದ್ರೆ 55.3 ಕೆಜಿ ಮಿತಿ. ಇವನು 2018ರ ಅಕ್ಟೋಬರ್‌ನಲ್ಲಿ ಪಯಾನೋ ಅನ್ನೋನನ್ನ 70 ಸೆಕೆಂಡಿಗೇ ಮಲಗಿಸಿದ, ಹಂಗಾಗಿ ಸಣ್ಣ ಮೈಯಲ್ಲಿ ಅಂಥ ಹೊಡೆತ ಇರಲ್ಲ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಅದೇ ಇನೋಯೆ 2023ರ ಡಿಸೆಂಬರ್‌ನಲ್ಲಿ ತಪಾಲೆಸ್‌ನ ಬೀಳ್ಸೋಕೆ 10ನೇ ರೌಂಡ್ ತನಕ ಕಾಯ್ಬೇಕಾಯ್ತು, ಅದೂ ಎದುರಾಳಿ ಅವನದೇ ತೂಕದವನು. ಜಗತ್ತಿನಲ್ಲೇ ಆ ಸೈಜಿನ ಅತಿ ಭಯಂಕರ ಹೊಡೆತದವನಿಗೇ ಹಿಂಗೆ ಅಂದ್ಮೇಲೆ ಹೈಸ್ಕೂಲ್ ವಯಸ್ಸಿನ ಹುಡುಗ ತನಗಿಂತ ಇಪ್ಪತ್ತು ಮೂವತ್ತು ಕೆಜಿ ಜಾಸ್ತಿ ಇರೋರನ್ನ ಸಾಲಾಗಿ ಮಲಗಿಸ್ತಾನೆ ಅಂದ್ರೆ ಅದು ಕಥೆ. ಪ್ರೊಫೆಶನಲ್ ಬಾಕ್ಸಿಂಗ್‌ನಲ್ಲಿ 17 ತೂಕದ ವಿಭಾಗ ಸುಮ್ನೆ ಮಾಡಿಟ್ಟಿಲ್ಲ. ನಮ್ಮ ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ತಾರಲ್ಲ, ಅಲ್ಲೂ ಗರಡಿಯ ಹಿರಿಯರು ಮೈಕಟ್ಟು ನೋಡೇ ಸಮ ಜೋಡಿ ಹಾಕೋದು.

ಚಿಕ್ಕವನು ದೊಡ್ಡವನನ್ನ ಸೋಲಿಸಿಲ್ವಾ ಅಂದ್ರೆ ಸೋಲಿಸಿದಾನೆ. 2003ರ ಡಿಸೆಂಬರ್ 31, ನಗೋಯಾದಲ್ಲಿ 70 ಕೆಜಿ ಆಸುಪಾಸಿನ ಗೆಂಕಿ ಸುಡೋ ತನ್ನ ಎರಡು ಪಟ್ಟಿಗಿಂತ ಜಾಸ್ತಿ ತೂಕದ ಬಟರ್‌ಬೀನ್ ಅನ್ನೋ ದೈತ್ಯ ಬಾಕ್ಸರ್‌ನ ಸೋಲಿಸಿದ. ಹೆಂಗೆ ಸೋಲಿಸಿದ ಅನ್ನೋದು ಮುಖ್ಯ, ಕಾಲು ಹಿಡಿದು ಹಿಮ್ಮಡಿ ತಿರುಚಿ ಸೋಲಿಸಿದ, ಒದ್ದು ಬೀಳಿಸಿದ್ದಲ್ಲ. ಪಟ್ಟಿನಲ್ಲಿ ತೂಕದ ವ್ಯತ್ಯಾಸ ಸ್ವಲ್ಪ ಮುಚ್ಚಿಹೋಗುತ್ತೆ, ಹೊಡೆತದಲ್ಲಿ ಅಷ್ಟು ಸುಲಭಕ್ಕೆ ಮುಚ್ಚಲ್ಲ.

ಮೈಕಿ ಪರವಾಗಿ ಹೇಳೋದು ಒಂದಿದೆ, ಅವನ ಮನೆಯದ್ದೇ ಕರಾಟೆ ಡೋಜೋ, ಅಂದ್ರೆ ಕಲಿಸೋ ಗರಡಿ, ಚಿಕ್ಕಂದಿನಿಂದ ಕಲಿತವನು. ಕಲಿತವನಿಗೂ ಕಲಿಯದವನಿಗೂ ಇರೋ ದೂರ ನಾವು ಅಂದ್ಕೊಳೋದಕ್ಕಿಂತ ತುಂಬಾ ಜಾಸ್ತಿ. ತಲೆ ಪಕ್ಕಕ್ಕೆ ಜೋರಾಗಿ ಒದೆತ ಬಿದ್ರೆ ತಲೆ ಗಕ್ಕನೆ ತಿರುಗುತ್ತೆ, ಒಳಗೆ ಮೆದುಳು ಅಲ್ಲಾಡಿ ಪ್ರಜ್ಞೆ ಹೋಗುತ್ತೆ, ಅದಕ್ಕೆ ಎದುರಾಳಿ ಎಷ್ಟು ದಪ್ಪ ಅನ್ನೋದು ಪೂರ್ತಿ ಅಡ್ಡಿ ಆಗಲ್ಲ, ಅದರಲ್ಲೂ ಅವನು ಹೊಡೆತ ಬರೋದನ್ನ ನೋಡಿಲ್ದೇ ಇದ್ರೆ. ಮೋಬಿಯಸ್ ಗ್ಯಾಂಗಿನ ಒಸನಾಯಿನ ಒಂದೇ ಒದೆತಕ್ಕೆ ಬೀಳಿಸೋ ಸೀನ್ ಈ ಲೆಕ್ಕದಲ್ಲಿ ನಂಗೆ ಓಕೆ. ಆದ್ರೆ ತಪ್ಪಿದ್ರೆ ಏನು ಅನ್ನೋದನ್ನ ಮಾಂಗಾ ತೋರ್ಸಲ್ಲ. 185 ಸೆಂ.ಮೀ. ಆಳಿನ ತಲೆಗೆ ಕಾಲೆತ್ತಿದೋನು ಆ ಕ್ಷಣ ಒಂಟಿ ಕಾಲಲ್ಲಿ ನಿಂತಿರ್ತಾನೆ, ಕೆಳಗೆ ಜಲ್ಲಿಯೋ ಒದ್ದೆ ನೆಲವೋ ಇದ್ರೆ ತಾನೇ ಬೀಳೋದು.

ಬುರುಡೆ ನಿಜವಾಗಿ ಶುರುವಾಗೋದು ಕೈ ವಿಷಯದಲ್ಲಿ. ಬರಿಗೈಲಿ ತಲೆಬುರುಡೆಗೆ ಗುದ್ದಿದ್ರೆ ಮುರಿಯೋದು ಹೆಚ್ಚಾಗಿ ಗುದ್ದಿದವನ ಕೈ, ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ, ಡಾಕ್ಟರುಗಳು ಇದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಾನೇ ಹೆಸರಿಟ್ಟಿದಾರೆ. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಇದೇ ಆಗಿತ್ತು, ಒಂದೇ ಗುದ್ದು, ಜಗಳ ಹತ್ತು ಸೆಕೆಂಡೂ ನಡೀಲಿಲ್ಲ, ಆಮೇಲೆ ತಿಂಗಳುಗಟ್ಟಲೆ ಎಡಗೈಲಿ ಊಟ. 1988ರಲ್ಲಿ ಹೆವಿವೇಟ್ ಚಾಂಪಿಯನ್ ಆಗಿದ್ದಾಗಲೇ ಮೈಕ್ ಟೈಸನ್ ನ್ಯೂಯಾರ್ಕಿನ ಹಾರ್ಲೆಮ್‌ನ ಬೀದಿಲಿ ಮಿಚ್ ಗ್ರೀನ್ ಅನ್ನೋ ಬಾಕ್ಸರ್‌ಗೆ ಹೊಡೆದು ತನ್ನ ಬಲಗೈ ಮೂಳೆಗೆ ಬಿರುಕು ಬಿಡಿಸ್ಕೊಂಡ. ಅದೇ 1988ರಲ್ಲಿ ಜಪಾನಲ್ಲಿ ಶುರುವಾದ ರೊಕುದೆನಾಶಿ ಬ್ಲೂಸ್ ಅನ್ನೋ ಮಾಂಗಾದ ಹೀರೋ ಹೆಸರು ಮಯೆದಾ ತೈಸೋನ್, ಟೈಸನ್ ಅನ್ನೋದನ್ನ ಜಪಾನೀಯರು ಹಂಗೇ ಹೇಳೋದು, ಆ ತೈಸೋನ್ ಮಾತ್ರ ವರ್ಷಗಟ್ಟಲೆ ಬರಿಗೈಲಿ ಹೊಡೆದ್ರೂ ಮಾರನೇ ದಿನ ಕ್ಲಾಸಿಗೆ ಹಾಜರ್. ಗ್ಲೌಸ್ ಇಲ್ಲದ ಕಾಲದ ಹೆವಿವೇಟ್ ಪಂದ್ಯಗಳು ಹೆಂಗಿರ್ತಿದ್ವು ಅಂದ್ರೆ, 1889ರಲ್ಲಿ ಸಲಿವನ್ ಮತ್ತು ಕಿಲ್‌ರೇನ್ 75 ರೌಂಡ್, ಎರಡು ಗಂಟೆಗೂ ಮೀರಿ ಹೊಡೆದಾಡಿದ್ರು, ಕೈ ಉಳಿಸ್ಕೊಳೋಕೆ ಅಂತ ಆ ಕಾಲದವರು ಮುಖಕ್ಕಿಂತ ಮೈಗೆ ಜಾಸ್ತಿ ಹೊಡೀತಿದ್ರು.

ಇನ್ನೊಂದು ದಮ್ಮು. ಮೈಯಲ್ಲಿರೋ ಪೂರ್ತಿ ಶಕ್ತಿ ಹಾಕಿ ಹೊಡೆಯೋಕೆ ಆಗೋದು ಹತ್ತು ಸೆಕೆಂಡೋ ಏನೋ, ನಿಮಿಷ ಆಗೋಷ್ಟರಲ್ಲಿ ಅಭ್ಯಾಸ ಇಲ್ದೋನಿಗೆ ಕೈ ಎತ್ತೋಕೂ ಆಗಲ್ಲ. ಒಬ್ಬ ಐವತ್ತು ಜನನ್ನ ಹೊಡೆಯೋ ಸೀನ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳೋದು ಬೇಡ.

ಆದ್ರೆ ತಲೆಗೆ ಕಬ್ಬಿಣದ ಪೈಪ್ ಬಿದ್ರೂ ರಕ್ತ ಒರೆಸ್ಕೊಂಡು ಎದ್ದು ನಿಲ್ಲೋ ಸೀನ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಇದನ್ನ ನಂಬಿದ್ರೆ ಜೀವ ಹೋಗುತ್ತೆ. ಬೀದಿ ಜಗಳದಲ್ಲಿ ಎಷ್ಟೋ ಸಲ ಪ್ರಾಣ ತೆಗೆಯೋದು ಗುದ್ದೇ ಅಲ್ಲ, ಗುದ್ದು ತಿಂದವನು ಪ್ರಜ್ಞೆ ತಪ್ಪಿ, ಕೈ ಊರೋಕೂ ಆಗದೆ ಸೀದಾ ಹಿಂದಕ್ಕೆ ಬಿದ್ದು ತಲೆ ರೋಡಿಗೆ ಬಡಿಯೋದು. ಇದನ್ನ ಸರಿಯಾಗಿ ಹಿಡಿದ ಮಾಂಗಾ ಮೋರಿ ಕೋಜಿಯ ಹೋಲಿಲ್ಯಾಂಡ್, 2000ದಿಂದ 2008ರ ತನಕ ಬಂತು, 18 ಸಂಪುಟ. ಹೀರೋ ಕಮಿಶಿರೋ ಯೂ ಸ್ಕೂಲಲ್ಲಿ ಪೆಟ್ಟು ತಿಂದು ತಿಂದು ರೂಮಿಂದ ಆಚೆ ಬರೋದನ್ನೇ ಬಿಟ್ಟ ಹುಡುಗ, ಒಂದು ಬಾಕ್ಸಿಂಗ್ ಪುಸ್ತಕ ಇಟ್ಕೊಂಡು ಒಬ್ಬನೇ ಒನ್-ಟೂ (ಒಂದು ಕೈ ಆದ್ಮೇಲೆ ಇನ್ನೊಂದು ಕೈ, ಎರಡು ನೇರ ಗುದ್ದು) ಮಾತ್ರ ಸಾವಿರಾರು ಸಲ ಅಭ್ಯಾಸ ಮಾಡ್ತಾನೆ, ಆಮೇಲೆ ಶಿಮೋಕಿತಾಜಾವಾ ಬೀದಿಗಳಲ್ಲಿ ಅದೊಂದರಿಂದಲೇ ಯಾಂಕೀ ಹುಡುಗರನ್ನ ಬೀಳಿಸ್ತಾನೆ. ಯಾಂಕೀ ಅಂದ್ರೆ ಜಪಾನಲ್ಲಿ ಅಮೆರಿಕದವನಲ್ಲ, ಈ ಥರ ಪುಂಡ ಹುಡುಗರಿಗೇ ಆ ಹೆಸರು. ಕಲಿಯದವನು ಕೈ ಹಿಂದಕ್ಕೆ ಎಳೆದು ದೊಡ್ಡದಾಗಿ ಬೀಸ್ತಾನೆ, ನೇರ ಬರೋ ಗುದ್ದು ಅದಕ್ಕಿಂತ ಮೊದಲು ತಲುಪುತ್ತೆ, ಇದು ನೂರಕ್ಕೆ ನೂರು ನಿಜ. ಮ್ಯಾಟ್ ಮೇಲೆ ಆಟ ಆಗಿರೋ ಜೂಡೋ ಎಸೆತ ಡಾಂಬರಿನ ಮೇಲೆ ಕೊಲೆ ಆಗುತ್ತೆ ಅನ್ನೋದನ್ನೂ ಅದು ಭಯ ಹುಟ್ಟೋ ಹಂಗೆ ತೋರ್ಸುತ್ತೆ. ಈ ಪ್ರಕಾರದಲ್ಲಿ ಒಂದೇ ಓದ್ತೀನಿ ಅನ್ನೋರಿಗೆ ನಾನು ಕೈಗಿಡೋದು ಇದನ್ನೇ.

ಇನ್ನು ಈ ಕಥೆಗಳಲ್ಲಿ ಬರೋ ಅಷ್ಟು ಗ್ಯಾಂಗು, ಅಷ್ಟು ಬೈಕು ಜಪಾನಲ್ಲಿ ನಿಜವಾಗ್ಲೂ ಇದ್ವಾ ಅಂತ ಕೇಳಿದ್ರೆ, ಇದ್ವು. ಬೋಸೋಜೋಕು ಅಂತ ಕರೆಯೋ ಬೈಕ್ ಗ್ಯಾಂಗುಗಳಲ್ಲಿ 1982ರಲ್ಲಿ ಪೊಲೀಸ್ ಲೆಕ್ಕದ ಪ್ರಕಾರ 42,510 ಜನ ಇದ್ರು, ಅದೇ ಅತಿ ಹೆಚ್ಚು. ಮೈಕಿ ಕಥೆ ನಡೆಯೋ 2005ಕ್ಕೆ ಬರೋಷ್ಟರಲ್ಲಿ ಆ ಸಂಖ್ಯೆ ತುಂಬಾ ಕುಸಿದಿತ್ತು, ಅಂದ್ರೆ ಆ ಕಥೆಯಲ್ಲಿರೋ ಗಾಳಿ ಹೆಚ್ಚಾಗಿ ಎಂಬತ್ತರ ದಶಕದ್ದು. ತೈಮಾನ್ ಅಂತಾರಲ್ಲ, ಒಬ್ಬನಿಗೊಬ್ಬ ಎದುರುಬದುರು ನಿಂತು ಆಯುಧ ಇಲ್ದೆ ತೀರ್ಮಾನ ಮಾಡ್ಕೊಳೋದು, ಅದು ಆ ಹುಡುಗರು ತಮ್ಮ ಬಗ್ಗೆ ತಾವೇ ನಂಬೋಕೆ ಇಷ್ಟಪಡೋ ಕಥೆ ಅನ್ನೋದು ನನ್ನ ಅಭಿಪ್ರಾಯ, ಗುಂಪು ಕಟ್ಟಿಕೊಂಡು ಒಬ್ಬನ ಮೇಲೆ ಬೀಳೋದೇ ಎಲ್ಲಾ ಊರಲ್ಲೂ ಜಾಸ್ತಿ ನಡೆಯೋದು.

ಹಂಗಾದ್ರೆ ನಿಜ ಎಲ್ಲಿದೆ? ಈ ಮಾಂಗಾಗಳಲ್ಲಿ ಶಕ್ತಿ ಅಳೆಯೋದು ತೋಳಿಂದಲ್ಲ. ಅವರದೇ ಪದ ಒಂದಿದೆ, ಕೊಂಜೋ, ನಾವು ಗಟ್ಟಿ ಗುಂಡಿಗೆ ಅಂತೀವಲ್ಲ ಅದು. ಟೋಕಿಯೋ ರಿವೆಂಜರ್ಸ್ ಶುರುವಿನಲ್ಲೇ ಕಥೆಯ ಹೀರೋ ತಕೆಮಿಚಿ, ಹೊಡೆಯೋಕೇ ಬರದವನು, ತನ್ನನ್ನ ಹಿಂಸಿಸ್ತಿದ್ದ ಗ್ಯಾಂಗಿನ ಹುಡುಗ ಕಿಯೋಮಸಾಗೆ ತೈಮಾನ್ ಸವಾಲು ಹಾಕ್ತಾನೆ. ಅವನು ಹೊಡೆದದ್ದು ಯಾವುದೂ ಲೆಕ್ಕಕ್ಕೇ ಬರಲ್ಲ, ಮುಖ ಊದಿ, ಕಣ್ಣು ಮುಚ್ಚಿಹೋಗಿ, ಕಾಲು ನಡುಗ್ತಾ ಇರುತ್ತೆ, ಆದ್ರೂ ಸೋತೆ ಅನ್ನಲ್ಲ. ಇದರಲ್ಲಿ ದೇಹಕ್ಕೆ ಆಗದೇ ಇರೋದು ಒಂದೂ ಇಲ್ಲ, ಹೆದರಿದವನ ಮೈ ನಡುಗೋದು ಹಂಗೇ, ನೋಡ್ತಾ ನಿಂತ ಗುಂಪು ಮೊದಲು ನಕ್ಕು ಆಮೇಲೆ ಸುಮ್ಮನಾಗೋದೂ ಹಂಗೇ. ಹೊಡೀತಾ ಇರೋನಿಗೆ ತಾನು ಗೆಲ್ತಿದೀನೋ ಇಲ್ವೋ ಅಂತ ಅನುಮಾನ ಹತ್ತುತ್ತಲ್ಲ, ಅದನ್ನ ನಾನು ಇನ್ನೆಲ್ಲೂ ಇಷ್ಟು ಚೆನ್ನಾಗಿ ನೋಡಿಲ್ಲ. ಅಷ್ಟೊತ್ತೂ ಮೇಲುಗೈ ಇದ್ದ ಕಿಯೋಮಸಾನೇ ಕೊನೆಗೆ ತನ್ನವರ ಕಡೆ ತಿರುಗಿ ಬ್ಯಾಟ್ ತನ್ನಿ ಅಂತಾನೆ.