ಮಗಳ ಮನೆಗೆ ಅಮೆರಿಕಕ್ಕೆ ಹೊರಟಿದ್ದೇವೆ, ಅಲ್ಲಿ ಜ್ವರ ಬಂದರೆ?

ಪ್ರಶ್ನೆ: ನಾವು ಚಿಕ್ಕಮಗಳೂರು ಜಿಲ್ಲೆ ಕೊಪ್ಪದ ಕಡೆಯವರು. ಮಗಳು ಅಮೆರಿಕದಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ನಾನೂ ನಮ್ಮ ಯಜಮಾನರೂ ಎರಡೂವರೆ ತಿಂಗಳ ಮಟ್ಟಿಗೆ ಹೋಗುತ್ತಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಅಲ್ಲಿ ಆಸ್ಪತ್ರೆಗೆ ಕಾಲಿಟ್ಟರೆ ಲಕ್ಷಗಟ್ಟಲೆ ಬಿಲ್ ಎಂದು ಎಲ್ಲರೂ ಹೆದರಿಸುತ್ತಾರೆ. ಇಲ್ಲಿಂದಲೇ ಮಾತ್ರೆ ಒಯ್ದರೆ ಸಾಲದೇ?

ಉತ್ತರ: ಮಾತ್ರೆ ಒಯ್ಯಲೇಬೇಕು, ಆದರೆ ಅಷ್ಟೇ ಸಾಲದು. ನಿಮ್ಮೂರಿನ ಡಾಕ್ಟರಿಗೆ ಯಜಮಾನರ ಹತ್ತು ವರ್ಷದ ಕಾಯಿಲೆ ಬಾಯಿಪಾಠವಾಗಿರುತ್ತದೆ. ಅಲ್ಲಿನ ಡಾಕ್ಟರಿಗೆ ಅವರು ಯಾರೋ. ಅವರಿಗೆ ತಿಳಿಯಬೇಕಾದದ್ದೆಲ್ಲ ನಿಮ್ಮ ಕೈಯಲ್ಲಿ ಕಾಗದದ ರೂಪದಲ್ಲಿ ಇರಬೇಕು.

ಹೊರಡುವ ಮೊದಲು ಡಾಕ್ಟರಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಪತ್ರ ತೆಗೆದುಕೊಳ್ಳಿ. ಕೈಬರಹದ ಚೀಟಿ ಬೇಡ. ಅದನ್ನು ಓದುವ ವಿದ್ಯೆ ನಮ್ಮ ಮೆಡಿಕಲ್ ಶಾಪಿನವರಿಗೆ ಮಾತ್ರ ಗೊತ್ತು. ಪತ್ರದಲ್ಲಿ ಕಂಪನಿಯ ಹೆಸರಿಗಿಂತ ಔಷಧದ ಹೆಸರು ಮುಖ್ಯ. ಗ್ಲೈಕೋಮೆಟ್ ಎಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಮೆಟ್‌ಫಾರ್ಮಿನ್ ಎಂದರೆ ತಕ್ಷಣ ಗೊತ್ತಾಗುತ್ತದೆ. ಟೆಲ್ಮಾ ಎನ್ನುವಲ್ಲಿ ಟೆಲ್ಮಿಸಾರ್ಟಾನ್ ಎಂದಿರಲಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದೂ ಇರಲಿ.

90 ದಿನಗಳಿಗೆ ಮೀರದಷ್ಟು ಸ್ವಂತ ಬಳಕೆಯ ಔಷಧ ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ನಿಮಗೆ ಅದು ಸಾಕು. ಆದರೆ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ, ಶೀಟಿನಲ್ಲೇ ಇರಲಿ. ಎಲ್ಲವನ್ನೂ ಕೈಚೀಲದಲ್ಲಿಟ್ಟುಕೊಳ್ಳಿ. ಇನ್ಸುಲಿನ್ ಇದ್ದರಂತೂ ಲಗೇಜಿಗೆ ಹಾಕಲೇಬಾರದು. ಅದು ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆಯಿಂದ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಪ್ರಯಾಣದ ದಿನ ಯಾವ ಡೋಸು ಯಾವಾಗ ಎಂಬುದನ್ನೂ ಈಗಲೇ ಬರೆಸಿಕೊಳ್ಳಿ.

ಸಾಮಾನ್ಯ ಜ್ವರಕ್ಕೆ ಅಲ್ಲಿ ಚೀಟಿಯಿಲ್ಲದೆ ಸಿಗುವ ಅಸೆಟಮಿನೋಫೆನ್ ಬೇರೇನೂ ಅಲ್ಲ, ನಮ್ಮ ಪ್ಯಾರಾಸಿಟಮಾಲ್ ಅದೇ. ಇಲ್ಲೊಂದು ಅಪಾಯವಿದೆ: ಇಲ್ಲಿಂದ ಒಯ್ದ ಡೋಲೋ 650 ನುಂಗಿ, ಮಗಳು ತಂದ ಟೈಲೆನಾಲ್ ನುಂಗಿ, ರಾತ್ರಿ ನೆಗಡಿಯ ಔಷಧವನ್ನೂ ಕುಡಿದರೆ ಮೂರರಲ್ಲೂ ಒಂದೇ ಔಷಧ ಹೊಟ್ಟೆ ಸೇರುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಹಾನಿ. ಪೊಟ್ಟಣದ ಹಿಂಭಾಗ ಓದಿ. ಆ್ಯಂಟಿಬಯೋಟಿಕ್ ಮಾತ್ರ ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ.

ಜ್ವರ ಇಳಿಯದಿದ್ದರೆ ಮೊದಲು 'ಅರ್ಜೆಂಟ್ ಕೇರ್' ಚಿಕಿತ್ಸಾಲಯಕ್ಕೆ ಹೋಗಿ. ಅಲ್ಲಿ ಮೊದಲೇ ಸಮಯ ಗೊತ್ತುಮಾಡಬೇಕಿಲ್ಲ, ಖರ್ಚೂ ತುರ್ತು ವಿಭಾಗಕ್ಕಿಂತ ಬಹಳ ಕಡಿಮೆ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇಂಥದ್ದಕ್ಕೆ ದುಡ್ಡಿನ ಲೆಕ್ಕ ಹಾಕದೆ 911ಕ್ಕೆ ಕರೆ ಮಾಡಿ. ಹಣವಿರಲಿ ಇಲ್ಲದಿರಲಿ, ತುರ್ತು ವಿಭಾಗದವರು ಪರೀಕ್ಷಿಸಿ, ಜೀವಾಪಾಯವಿದ್ದರೆ ಸ್ಥಿತಿ ಹತೋಟಿಗೆ ತರಲೇಬೇಕೆಂಬ ಕಾನೂನು 1986ರಿಂದ ಇದೆ. ಇಂಗ್ಲಿಷ್ ಬಾರದೆಂದು ಸಂಕೋಚ ಬೇಡ. ಕನ್ನಡದ ದುಭಾಷಿ ಬೇಕೆಂದು ಆಸ್ಪತ್ರೆಯವರನ್ನು ಕೇಳಿ. ಸಾಮಾನ್ಯವಾಗಿ ಫೋನಿನಲ್ಲಿ ಒದಗಿಸುತ್ತಾರೆ, ಅದಕ್ಕೆ ಶುಲ್ಕವಿಲ್ಲ.

ನಿಮ್ಮ ಊರಿನ ಕಾರಣಕ್ಕೇ ಇನ್ನೊಂದು ಮಾತು. ಏಪ್ರಿಲ್ ಎಂದರೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ, ಹೊರಡುವ ವಾರ ತೋಟದಲ್ಲೋ ಕಾಡಂಚಿನಲ್ಲೋ ಓಡಾಡಿದವರಿಗೆ ಅಲ್ಲಿ ಹೋಗಿ ಇಳಿದ ಮೇಲೆ ಜ್ವರ ಬರಬಹುದು. ಭಾರತದಿಂದ ಬಂದವರೆಂದರೆ ಅಲ್ಲಿನ ಡಾಕ್ಟರಿಗೆ ಮಲೇರಿಯ, ಡೆಂಗಿ, ಟೈಫಾಯ್ಡ್ ಹೊಳೆಯುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಹೊಳೆಯುವುದು ಕಷ್ಟ. 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂಬ ಹೆಸರನ್ನು ಆ ಪತ್ರದಲ್ಲೇ ಬರೆಸಿ, ನೀವಾಗಿಯೇ ಹೇಳಿ.

ಇನ್ನು ವಿಮೆ. ಮಗಳ ಕಂಪನಿಯ ವಿಮೆ ಸಾಮಾನ್ಯವಾಗಿ ಭೇಟಿಗೆ ಬಂದ ತಂದೆತಾಯಿಗೆ ಅನ್ವಯಿಸುವುದಿಲ್ಲ, ಪ್ರತ್ಯೇಕ ಪಾಲಿಸಿ ಬೇಕು. ಕಂತು ಕಡಿಮೆ ಎಂದು ಮರುಳಾಗಬೇಡಿ. ಪ್ರತಿ ಚಿಕಿತ್ಸೆಗೂ ಇಷ್ಟೇ ಎಂದು ಮಿತಿ ಹಾಕಿದ ಅಗ್ಗದ ಪಾಲಿಸಿಗಳಲ್ಲಿ ಉಳಿದದ್ದೆಲ್ಲ ನಿಮ್ಮ ತಲೆಗೇ ಬರುತ್ತದೆ. ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಬಿಪಿ ದಿಢೀರನೆ ಉಲ್ಬಣಿಸಿದರೆ ಖರ್ಚು ಕೊಡುತ್ತಾರೆಯೇ, ಯಜಮಾನರ ವಯಸ್ಸಿಗೆ ಎಷ್ಟರವರೆಗೆ ಎಂಬ ಎರಡು ಪ್ರಶ್ನೆಗೆ ಲಿಖಿತ ಉತ್ತರ ಸಿಗದೆ ದುಡ್ಡು ಕಟ್ಟಬೇಡಿ. ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡುವುದೂ ಬೇಡ; ಕ್ಲೇಮು ಬಂದಾಗ ಮೊದಲು ಹುಡುಕುವುದೇ ಅದನ್ನು.

ಬಿಲ್ಲು ಒಂದೇ ಬಾರಿಗೆ ಬರುವುದಿಲ್ಲ. ಆಸ್ಪತ್ರೆಯದೊಂದು, ಡಾಕ್ಟರದೊಂದು, ಲ್ಯಾಬಿನದೊಂದು ಎಂದು ವಾರಗಳ ನಂತರವೂ, ನೀವು ಕೊಪ್ಪಕ್ಕೆ ಮರಳಿದ ಮೇಲೂ, ಮಗಳ ವಿಳಾಸಕ್ಕೆ ಬರುತ್ತಿರುತ್ತವೆ. ಕಂಡ ಕೂಡಲೇ ಕಟ್ಟುವ ಆತುರ ಬೇಡ. ವಿಮೆಯವರಿಗೆ ಕಳಿಸಿ, ಯಾವುದಕ್ಕೆ ಎಷ್ಟು ಎಂಬ ವಿವರವಾದ ಪಟ್ಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಲು ಮಗಳಿಗೆ ಹೇಳಿ. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಯಾದರೆ ರಿಯಾಯಿತಿಗೆ ಅರ್ಜಿ ಹಾಕುವ ವ್ಯವಸ್ಥೆಯೂ ಇರುತ್ತದೆ. ಕೇಳಿದವರಿಗಷ್ಟೇ ಅದು ಸಿಗುವುದು.