ಕಾನ್‌ಸ್ಟಂಟ್ ಏರಿತು, ಫಿಲ್ಮ್ ಸುಟ್ಟಿತು

ಹುಡುಗಿ ನೋಟ್‌ಬುಕ್ಕಿನ ಹಾಳೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ ಫಿಲ್ಮನ್ನು ಚಿಮುಟದಲ್ಲಿ ಎತ್ತಿ ನನ್ನ ಮೇಜಿನ ಮೇಲಿಟ್ಟಳು. ಅಂಗೈ ಅಗಲ, ಹತ್ತು ಮೈಕ್ರಾನ್ ದಪ್ಪ, ಹಾಲಿನ ಬಣ್ಣ. ವಿದ್ಯುತ್ ಶಕ್ತಿ ಕೂಡಿಡುವ ಕೆಪಾಸಿಟರಿಗೆಂದು ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಪಾಲಿಮರನ್ನು ಕರಗಿಸಿ, ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್‌ನ ನ್ಯಾನೋ ಪುಡಿಯನ್ನು ಗಾತ್ರದಲ್ಲಿ ನೂರಕ್ಕೆ ನಲವತ್ತರಷ್ಟು ಕಲಸಿ, ಗಾಜಿನ ಮೇಲೆ ಹರಡಿ ಒಣಗಿಸಿದ್ದಳು.

“ಸರ್, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 10 ಇದ್ದದ್ದು 40 ಆಗಿದೆ. ಶಕ್ತಿನೂ ನಾಲ್ಕು ಪಟ್ಟು ಆಯ್ತಲ್ವಾ?”

ಅಷ್ಟೇ ವೋಲ್ಟೇಜಿಗೆ ಒಂದು ವಸ್ತು ಎಷ್ಟು ವಿದ್ಯುತ್ ಶಕ್ತಿ ಕೂಡಿಡಬಲ್ಲದು ಎಂದು ಹೇಳುವ ಅಂಕಿಯೇ ಈ ಕಾನ್‌ಸ್ಟಂಟ್. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಪಿಎಚ್.ಡಿ. ಮಕ್ಕಳು ಕೇಳುತ್ತಾರೆ, ಕೆಪಾಸಿಟರ್ ಕಾರ್ಖಾನೆಯವರು ಕೇಳುತ್ತಾರೆ, ಹೊಸ ಕಂಪನಿ ಕಟ್ಟಲು ಹೊರಟವರೂ ಕೇಳುತ್ತಾರೆ. ಎಲ್ಲರ ಕೈಯಲ್ಲೂ ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ಒಂದು ವೋಲ್ಟ್ ಕೊಟ್ಟು ಅಳೆದ ಒಂದು ಅಂಕಿ ಇರುತ್ತದೆ. ಫಿಲ್ಮ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದರೆ ಮಾತ್ರ ಮೌನ.

ಅವಳ ಫಿಲ್ಮನ್ನು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿ ವೋಲ್ಟೇಜ್ ಏರಿಸಿದೆವು. 1500 ವೋಲ್ಟ್ ಹತ್ತಿರ ಪಟ್ ಎಂದಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚು ಕಪ್ಪಾದ ಒಂದು ತೂತು, ಪಕ್ಕದಲ್ಲೇ ಪುಡಿ ಗಂಟುಕಟ್ಟಿದ ಬಿಳಿ ಚುಕ್ಕೆ. ಪುಡಿ ಹಾಕದ ಫಿಲ್ಮ್ 4000 ವೋಲ್ಟ್ ತಡೆದಿತ್ತು. ಶಕ್ತಿ ಕಾನ್‌ಸ್ಟಂಟ್‌ಗೆ ತಕ್ಕಂತೆ ಏರುತ್ತದೆ ನಿಜ, ಆದರೆ ವಿದ್ಯುತ್ ಕ್ಷೇತ್ರದ (ದಪ್ಪದ ಪ್ರತಿ ಮೈಕ್ರಾನಿಗೆ ಬೀಳುವ ವೋಲ್ಟೇಜಿನ) ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಬರೀ ಪಾಲಿಮರ್ ಘನ ಸೆಂಟಿಮೀಟರಿಗೆ ಸುಮಾರು 7 ಜೂಲ್ ಹಿಡಿಯಬಲ್ಲದು, ಅವಳ ಫಿಲ್ಮ್ ಸುಮಾರು 4. ಆರು ತಿಂಗಳು ದುಡಿದು ಇದ್ದದ್ದನ್ನೂ ಕಳೆದುಕೊಂಡ ಹಾಗಾಯಿತು. (ಪಿವಿಡಿಎಫ್‌ಗೆ ಈ ಸರಳ ಸೂತ್ರ ಪೂರ್ತಿ ಹೊಂದುವುದಿಲ್ಲ. ಚಾರ್ಜ್ ಮಾಡಿ, ಡಿಸ್ಚಾರ್ಜ್ ಆದಾಗ ನಿಜವಾಗಿ ವಾಪಸ್ ಬಂದದ್ದೆಷ್ಟು ಎಂದು ಅಳೆಯಲೇಬೇಕು. ಇದು ಅಂದಾಜಿನ ಲೆಕ್ಕ.)

ಹೀಗೇಕೆ ಆಗುತ್ತದೆ ಎನ್ನುವುದನ್ನು ಎಷ್ಟು ಸಲವಾದರೂ ಹೇಳಲು ನಾನು ಸಿದ್ಧ. ಬೇರಿಯಂ ಟೈಟನೇಟ್‌ನ ಕಾನ್‌ಸ್ಟಂಟ್ ಸಾವಿರದ ಲೆಕ್ಕದಲ್ಲಿದೆ, ಪಾಲಿಮರ್‌ನದು ಹತ್ತು. ಎರಡನ್ನೂ ಒಟ್ಟಿಗೆ ಕ್ಷೇತ್ರಕ್ಕೆ ಒಡ್ಡಿದರೆ ಕಾನ್‌ಸ್ಟಂಟ್ ಹೆಚ್ಚಿರುವ ಕಣ ತನ್ನೊಳಗೆ ಕ್ಷೇತ್ರವನ್ನು ಬಿಟ್ಟುಕೊಳ್ಳುವುದಿಲ್ಲ. ಪಲ್ಲಕ್ಕಿ ಹೊರುವಾಗ ಗಟ್ಟಿಗನೇ ಭುಜ ಜಾರಿಸಿಕೊಂಡರೆ ಭಾರವೆಲ್ಲ ಪಕ್ಕದ ಬಡಕಲು ಆಳಿನ ಮೇಲೆ ಬೀಳುತ್ತದಲ್ಲ, ಹಾಗೆ. ಒಂಟಿ ಗುಂಡನೆಯ ಕಣದ ಲೆಕ್ಕ ಹಿಡಿದರೆ, ಹೊರಗೆ ನೂರು ಇರುವ ಕ್ಷೇತ್ರ ಕಣದೊಳಗೆ ಬರೀ ಮೂರು. ಕಣದ ಎರಡು ತುದಿಗೆ ತಾಗಿದ ಪಾಲಿಮರ್ ಮೇಲೆ ಮಾತ್ರ ಮುನ್ನೂರರ ಹತ್ತಿರ. ಎರಡು ಕಣ ಅಂಟಿಕೊಂಡಷ್ಟು ಹತ್ತಿರವಿದ್ದರೆ ನಡುವಿನ ಸಂದಿನಲ್ಲಿ ಇನ್ನೂ ಹೆಚ್ಚು. ಮೊದಲು ಸುಡುವುದು ಅಲ್ಲೇ.

ಇನ್ನೊಂದು ಮಾತು. ಕಣದ ಕಾನ್‌ಸ್ಟಂಟ್ ಸಾವಿರವಾದರೂ ಒಳಗಿನ ಕ್ಷೇತ್ರ ಅಷ್ಟು ಕಡಿಮೆಯಾದ್ದರಿಂದ, ಅದರೊಳಗೆ ಕೂತ ಶಕ್ತಿ ಅಷ್ಟೇ ಗಾತ್ರದ ಪಾಲಿಮರ್ ಹಿಡಿಯುತ್ತಿದ್ದುದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಕಣವನ್ನು ಶಕ್ತಿಯ ಉಗ್ರಾಣ ಅಂದುಕೊಂಡು ಸುರಿಯುತ್ತೀರಿ. ಉಗ್ರಾಣ ಖಾಲಿ ಇರುತ್ತದೆ. ಶಕ್ತಿ ಕೂರುವುದು ಸುತ್ತಲಿನ ಪಾಲಿಮರಿನಲ್ಲಿ, ಅದನ್ನೇ ಹಿಂಡಿ ಹಿಪ್ಪೆ ಮಾಡಿ.

ಬಿಒಪಿಪಿ, ಅಂದರೆ ಎರಡೂ ದಿಕ್ಕಿಗೆ ಎಳೆದು ಹಿಗ್ಗಿಸಿದ ಪಾಲಿಪ್ರೊಪಿಲೀನ್ ಫಿಲ್ಮನ್ನೇ ತೆಗೆದುಕೊಳ್ಳಿ. ಕಾನ್‌ಸ್ಟಂಟ್ ಬರೀ 2.2. ಆದರೂ ಫಿಲ್ಮ್ ಕೆಪಾಸಿಟರ್ ಲೋಕವನ್ನು ಆಳುತ್ತಿರುವುದು ಅದೇ. ಮೈಕ್ರಾನಿಗೆ 700 ವೋಲ್ಟ್‌ವರೆಗೂ ತಡೆಯುತ್ತದೆ, ನಷ್ಟ (ಬಿಸಿಯಾಗಿ ಪೋಲಾಗುವ ಶಕ್ತಿ) ತೀರಾ ಕಡಿಮೆ. ಸೋಲುವುದು ಬಿಸಿಗೆ, 105 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ನಂಬುವಂತಿಲ್ಲ. ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್ ಮಾಡುವವರಿಗೆ ಇದೇ ತಲೆನೋವು. 2015ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿತು. ಶಾಖ ತಾಳುವ ಪಾಲಿಮರಿಗೆ ಅವರು ಸೇರಿಸಿದ್ದು ಬೋರಾನ್ ನೈಟ್ರೈಡ್‌ನ ನ್ಯಾನೋ ಹಾಳೆಗಳನ್ನು. ಅದರ ಕಾನ್‌ಸ್ಟಂಟ್ ಬೇರಿಯಂ ಟೈಟನೇಟ್ ಮುಂದೆ ಏನೇನೂ ಅಲ್ಲ. ಆದರೆ ಆ ಹಾಳೆಗಳು ಸೋರುವ ಕರೆಂಟನ್ನು ತಡೆದವು, ಬಿಸಿಯನ್ನು ಹೊರಗೆ ಸಾಗಿಸಿದವು. ಫಿಲ್ಮ್ 250 ಡಿಗ್ರಿಯಲ್ಲೂ ಕೆಲಸ ಮಾಡಿತು. ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಮೊದಲು ಇದನ್ನು ಓದಿಸುತ್ತೇನೆ.

ಬೇರಿಯಂ ಟೈಟನೇಟ್ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ಕಡಿಮೆ ಹಾಕಿ, ಮೇಲ್ಮೈಗೆ ಲಕ್ಷ್ಯ ಕೊಡಿ. 50 ನ್ಯಾನೋಮೀಟರ್ ಕಣಗಳ ಪುಡಿ ಒಂದು ಘನ ಸೆಂಟಿಮೀಟರ್, ಅಂದರೆ ಆರು ಗ್ರಾಂ, ತೆಗೆದುಕೊಂಡರೆ ಅದರ ಒಟ್ಟು ಮೇಲ್ಮೈ 120 ಚದರ ಮೀಟರ್. ನಮ್ಮೂರಿನ ಲೆಕ್ಕದಲ್ಲಿ ಒಂದು ಥರ್ಟಿ-ಫಾರ್ಟಿ ಸೈಟಿಗಿಂತ ಚೂರು ಹೆಚ್ಚು. ಅಷ್ಟೂ ಜಾಗದಲ್ಲಿ ಪಾಲಿಮರ್ ಕಣಕ್ಕೆ ಕೂಡಿಕೊಳ್ಳಬೇಕು. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಅಷ್ಟೂ ಜಾಗದಲ್ಲಿ ತೇವ ಕೂರುತ್ತದೆ. ಆಗ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕಾನ್‌ಸ್ಟಂಟ್ ಏರಿದಂತೆ ಕಾಣುತ್ತದೆ, ಜೊತೆಗೆ ನಷ್ಟವೂ ಏರಿರುತ್ತದೆ. ಹಿಗ್ಗುವ ಮೊದಲು ನಷ್ಟದ ಕಾಲಂ ನೋಡಿ. ಪುಡಿಯನ್ನು ಚೆನ್ನಾಗಿ ಒಣಗಿಸಿ, ಸಿಲೇನ್ ಅಥವಾ ಫಾಸ್ಫೋನಿಕ್ ಆಮ್ಲದ ತೆಳು ಪದರ ಕೊಟ್ಟರೆ ಗಂಟು ಕಟ್ಟುವುದು ಎಷ್ಟೋ ತಗ್ಗುತ್ತದೆ. ನಿಮ್ಮ ಪಾಲಿಮರಿಗೆ ಯಾವುದು ಒಗ್ಗುತ್ತದೆ ಎಂದು ಮಾದರಿ ನೋಡದೆ ನಾನು ಹೇಳಲಾರೆ.

ಹಾಗೇ, ಶೇಕಡಾ ಎಂದು ಬರೆಯುವಾಗ ತೂಕದ್ದೋ ಗಾತ್ರದ್ದೋ ಎಂದು ದಯವಿಟ್ಟು ಬರೆಯಿರಿ. ಈ ಜೋಡಿಯಲ್ಲಿ ತೂಕದಲ್ಲಿ 15 ಎಂದರೆ ಗಾತ್ರದಲ್ಲಿ ಹೆಚ್ಚುಕಮ್ಮಿ 5. ಈ ಒಂದು ಗೊಂದಲದಲ್ಲಿ ಒಬ್ಬ ಹುಡುಗನ ಇಡೀ ಬೇಸಿಗೆ ಹಾಳಾದದ್ದನ್ನು ಕಂಡಿದ್ದೇನೆ.

ಆ ಹುಡುಗಿ ಎರಡು ತಿಂಗಳ ಮೇಲೆ ಮತ್ತೆ ಬಂದಳು. ಈ ಸಲ ಗಾತ್ರದಲ್ಲಿ 5, ಮೇಲ್ಮೈಗೆ ಸಿಲೇನ್. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ, ಒಂದೇ ಒಂದು ಚುಕ್ಕೆಯಿಲ್ಲ. ಕಾನ್‌ಸ್ಟಂಟ್ ಬರೀ ಹನ್ನೊಂದೂವರೆ ಎಂದು ಮುಖ ಸಪ್ಪೆ ಮಾಡಿಕೊಂಡಿದ್ದಳು. ಎಣ್ಣೆಯಲ್ಲಿಟ್ಟು ವೋಲ್ಟೇಜ್ ಏರಿಸಿದೆವು: 4000 ದಾಟಿತು, 4200 ದಾಟಿತು, 4300ಕ್ಕೆ ಸುಟ್ಟಿತು. ಎರಡನೇ ತುಂಡೂ ಅಲ್ಲೇ ಆಸುಪಾಸು. ಅವಳೇ ಲೆಕ್ಕ ಹಾಕಿ 9 ಜೂಲ್ ಚಿಲ್ಲರೆ ಎಂದು ಬರೆದು, ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನನಗೂ ಖುಷಿಯಾಯಿತು. ಆದರೆ ಬ್ರೇಕ್‌ಡೌನ್, ಅಂದರೆ ಫಿಲ್ಮ್ ಸುಡುವ ವೋಲ್ಟೇಜಿನ ವಿಷಯದಲ್ಲಿ ಎರಡು ತುಂಡು ನಂಬಿ ಏನೂ ಹೇಳಬಾರದು, ಕನಿಷ್ಠ ಇಪ್ಪತ್ತಾದರೂ ಬೇಕು. ಇನ್ನು ಹದಿನೆಂಟು ಕತ್ತರಿಸಿಕೊಂಡು ಸೋಮವಾರ ಬಾರಮ್ಮ ಎಂದು ಹೇಳಿ ಕಳಿಸಿದ್ದೇನೆ.