ಬಾವಲಿಯ ಕೊಬ್ಬಿನಲ್ಲಿ ಕೂತ ವಿಷ: ಕೀಟನಾಶಕಗಳ ಟಿಪ್ಪಣಿ

ಕೀಟನಾಶಕ ಬಾವಲಿಯ ಹೊಟ್ಟೆ ಸೇರುವ ದಾರಿಗಳನ್ನು ನೆನಪಿಡುವುದು ಸುಲಭ: ವಿಷ ತಗುಲಿದ ಹುಳ, ಸಿಂಪಡಿಸಿದ ಹಣ್ಣು, ಮೈಗೆ ಅಂಟಿದ್ದನ್ನು ನೆಕ್ಕಿಕೊಳ್ಳುವುದು. ಹಾಲೂಡಿಸುವ ಕೀಟಾಹಾರಿ ಬಾವಲಿ ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಹುಳ ತಿನ್ನಬಲ್ಲದು. ಒಂದೊಂದು ಹುಳದಲ್ಲಿ ಚೂರೇ ಚೂರು ವಿಷವಿದ್ದರೂ ಮೊತ್ತ ದೊಡ್ಡದಾಗುವುದು ಹೀಗೆ.

ಗಂಟು ಇರುವುದು ಮುಂದೆ. ಬೇಸಿಗೆಯಲ್ಲಿ ತಿಂದ ವಿಷಕ್ಕೆ ಬಾವಲಿ ತಿಂಗಳುಗಳ ನಂತರ ಸಾಯುವುದೇಕೆ? ಅದೂ ಏನನ್ನೂ ತಿನ್ನದೆ ಶಿಶಿರನಿದ್ರೆಯಲ್ಲಿ, ಅಂದರೆ ಚಳಿಗಾಲದ ದೀರ್ಘ ನಿದ್ರೆಯಲ್ಲಿ, ಇರುವಾಗ?

ಡಿಡಿಟಿ, ಡೀಲ್ಡ್ರಿನ್‌ನಂಥ ಆರ್ಗನೋಕ್ಲೋರಿನ್‌ಗಳು (ಕ್ಲೋರಿನ್ ಇರುವ ಹಳೆಯ ಕೀಟನಾಶಕಗಳು) ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಮೂತ್ರದ ಜೊತೆ ಹೊರಹೋಗದೆ ಕೊಬ್ಬಿನಲ್ಲಿ ಕೂತುಬಿಡುತ್ತವೆ. ಕೂತಿರುವಷ್ಟು ಕಾಲ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಇವು ಕೆಡಿಸುವುದು ನರಗಳನ್ನು. ಈಗ ಲೆಕ್ಕ ಮಾಡಿ (ಅಂಕಿಗಳು ಕಲ್ಪಿತ). ಚಳಿಗಾಲಕ್ಕೆ ಮುಂಚೆ ಬಾವಲಿಯಲ್ಲಿ 3 ಗ್ರಾಂ ಕೊಬ್ಬು, ಅದರಲ್ಲಿ 60 ಮೈಕ್ರೋಗ್ರಾಂ ವಿಷ. ಅಂದರೆ ಗ್ರಾಂಗೆ 20. ನಿದ್ರೆಯಲ್ಲಿ ಕೊಬ್ಬು ಉರಿದು ಅರ್ಧ ಗ್ರಾಂ ಉಳಿಯಿತು. ಉರಿದದ್ದು ಕೊಬ್ಬು ಮಾತ್ರ, ವಿಷವಲ್ಲ. ಅಷ್ಟೂ ವಿಷ ಅಲ್ಲೇ ಉಳಿದಿದ್ದರೆ ಗ್ರಾಂಗೆ 120 ಆಗಬೇಕು. ಆದರೆ ಅಲ್ಲೇ ಉಳಿಯುವುದಿಲ್ಲ: ಜಾಗ ಕಿರಿದಾದಂತೆ ರಕ್ತಕ್ಕೆ ಇಳಿದು, ಕೊಬ್ಬಿನಂಶ ಇರುವ ಬೇರೆ ಅಂಗ ಹುಡುಕುತ್ತದೆ. ಮಿದುಳು ಅಂಥದ್ದೇ ಅಂಗ. ದೇಹದ ಒಟ್ಟು ವಿಷ ಒಂದು ಕಣವೂ ಹೆಚ್ಚಿಲ್ಲ, ಮಿದುಳಿನ ಪಾಲು ಹೆಚ್ಚಿತು. ‘ಒಟ್ಟು ಪ್ರಮಾಣ’ ಮತ್ತು ‘ಸಾಂದ್ರತೆ’ಯನ್ನು ಬೇರೆಬೇರೆ ಸಾಲಿನಲ್ಲಿ ಬರೆದುಕೊಂಡರೆ ಈ ಇಡೀ ಅಧ್ಯಾಯ ಬಿಚ್ಚಿಕೊಳ್ಳುತ್ತದೆ.

ವಲಸೆಗೂ ಇದೇ ಲೆಕ್ಕ. ಅಮೆರಿಕದ ಕಾರ್ಲ್ಸ್‌ಬಾಡ್ ಗುಹೆಗಳ ಎಳೆಯ ಬಾವಲಿಗಳ ಮೇಲೆ ನಡೆದ ಅಧ್ಯಯನ 1976ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ವಲಸೆಯ ದಣಿವಿನಂಥ ಸ್ಥಿತಿಯಲ್ಲಿ ಕೊಬ್ಬು ಕರಗಿದಂತೆ, ಅದರಲ್ಲಿದ್ದ ಶೇಷ (ಮೈಯಲ್ಲಿ ಉಳಿದ ಕೀಟನಾಶಕ) ಮಿದುಳಿಗೆ ಏರಿತ್ತು. ಎಳೆಯವಕ್ಕೆ ಅಷ್ಟು ವಿಷ ಬಂದದ್ದೆಲ್ಲಿಂದ? ತಾಯಿಯ ಹಾಲಿನಿಂದ. ಹಾಲಿನಲ್ಲೂ ಕೊಬ್ಬಿದೆ, ಉತ್ತರ ಮತ್ತೆ ಅಲ್ಲಿಗೇ ಬಂತು.

ಹುಳ ತಿನ್ನದೆಯೂ ವಿಷ ತಗಲುವುದಕ್ಕೆ ಉದಾಹರಣೆ ಲಿಂಡೇನ್ ಎಂಬ ಕೀಟನಾಶಕ. ಬ್ರಿಟನ್ನಿನಲ್ಲಿ ಮರ ಕೊರೆಯುವ ಹುಳಕ್ಕೆಂದು ಅಟ್ಟದ ತೊಲೆಗಳಿಗೆ ಬಳಿಯುತ್ತಿದ್ದರು, ಬಾವಲಿಗಳು ಹಗಲೆಲ್ಲ ನೇತಾಡುವುದು ಅದೇ ತೊಲೆಗಳಿಗೆ.

ಹೊಸ ಔಷಧಿಗಳ ಬಗ್ಗೆ ಚಿಕ್ಕದಾಗಿ. ಆರ್ಗನೋಫಾಸ್ಫೇಟ್‌ಗಳು ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುವುದಿಲ್ಲ, ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು (ನರ ಸ್ನಾಯುವಿಗೆ ಕೊಟ್ಟ ಸಂಕೇತವನ್ನು ನಿಲ್ಲಿಸುವುದು ಇದೇ) ತಡೆಯುತ್ತವೆ. ಹಾರುತ್ತ ಬೇಟೆಯಾಡುವ ಪ್ರಾಣಿಗೆ ಸ್ನಾಯು ಹಿಡಿತ ಕೆಲ ಗಂಟೆ ತಪ್ಪಿದರೂ ಸಾಕು. ನಿಯೋನಿಕೋಟಿನಾಯ್ಡ್‌ಗಳಲ್ಲಿ (ನಿಕೋಟಿನ್ ಹೋಲುವ ಕೀಟನಾಶಕಗಳು) ನೆನಪಿಡಬೇಕಾದ್ದು ತೈವಾನಿನ ಎಲೆಮೂಗಿನ ಬಾವಲಿಗಳ ಪ್ರಯೋಗ: ಆ ಗುಂಪಿನ ಇಮಿಡಾಕ್ಲೋಪ್ರಿಡ್ ಕೊಟ್ಟ ಮೇಲೆ ಅವು ಕಲಿತಿದ್ದ ಹಾರಾಟದ ದಾರಿಯನ್ನೇ ತಪ್ಪಿದವು. ವಿಷ ಮೈಗೆ ಸೋಕದಿದ್ದರೂ ಹುಳಗಳೇ ಕಡಿಮೆಯಾಗಿ ಹಸಿವು ಕಾಡುವುದು ಇನ್ನೊಂದು ಪೆಟ್ಟು. ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ, ಕುಸಿದ ಸಂಖ್ಯೆ ಚೇತರಿಸಿಕೊಳ್ಳಲು ಬಹುಕಾಲ ಬೇಕು.

ತಿರುಗುಮುರುಗಿನ ಪ್ರಶ್ನೆಯೂ ಇದೆ: ಬಾವಲಿ ಇಲ್ಲವಾದರೆ ಕೀಟನಾಶಕದ ಗತಿಯೇನು? ಅಮೆರಿಕದಲ್ಲಿ ಬಿಳಿಮೂಗಿನ ಶಿಲೀಂಧ್ರ ರೋಗದಿಂದ ಬಾವಲಿಗಳು ಸತ್ತ ಕೌಂಟಿಗಳಲ್ಲಿ (ಅಲ್ಲಿನ ಜಿಲ್ಲೆಗಳಂಥವು) ರೈತರ ಕೀಟನಾಶಕ ಬಳಕೆ ಸುಮಾರು 31% ಏರಿತೆಂದು 2024ರ ಅಧ್ಯಯನವೊಂದು ಅಂದಾಜಿಸಿದೆ. ನನಗೆ ಇದು ಇಡೀ ವಿಷಯದಲ್ಲೇ ಅತ್ಯಂತ ಕಸಿವಿಸಿಯ ಅಂಕಿ.

ಸುರಕ್ಷತಾ ಪರೀಕ್ಷೆಗಳು ಹೆಚ್ಚಾಗಿ ಇಲಿಗಳ ಮೇಲೆ ನಡೆಯುತ್ತವೆ. ಪ್ರಯೋಗಶಾಲೆಯ ಇಲಿ ದಿನವೂ ಹೊಟ್ಟೆತುಂಬ ತಿನ್ನುತ್ತದೆ, ಶಿಶಿರನಿದ್ರೆಗೆ ಹೋಗುವುದಿಲ್ಲ. ಇಲಿ, ಹಕ್ಕಿಗಳ ಲೆಕ್ಕ ಬಾವಲಿಗಳನ್ನು ಸರಿಯಾಗಿ ಒಳಗೊಳ್ಳುವುದಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರು 2019ರಲ್ಲಿ ಹೇಳಿದರು. ಆದ್ದರಿಂದ ಯಾವುದೇ ಶೇಷದ ಅಂಕಿ ಸಿಕ್ಕಾಗ ಪಕ್ಕದಲ್ಲಿ ಎರಡು ಸಂಗತಿ ಬರೆದುಕೊಳ್ಳಿ: ಅಳೆದದ್ದು ಕೊಬ್ಬಿನಲ್ಲೋ ಮಿದುಳಿನಲ್ಲೋ, ಮತ್ತು ಆಗ ಬಾವಲಿ ಕೊಬ್ಬು ತುಂಬಿಕೊಂಡಿತ್ತೋ ಸೊರಗಿತ್ತೋ.